ಗೋಬರ್ ಗ್ಯಾಸಲ್ಲಿರೋ ಸಿಒ2ನ ಮೀಥೇನ್ ಮಾಡೋ ಕ್ಯಾಟಲಿಸ್ಟ್ ಕಿಟ್, ತಗೋಬಹುದಾ?

ತೋಟದಮನೆ_ಮೂಡಿಗೆರೆ:

ನಮಸ್ಕಾರ ಎಲ್ರಿಗೂ. ನಮ್ದು ಮೂಡಿಗೆರೆ ಹತ್ರ 25 ಎಕರೆ ಕಾಫಿ ತೋಟ, ಜಾಸ್ತಿ ಅರೇಬಿಕಾ, ಕೆಳಗಡೆ ಸ್ವಲ್ಪ ರೋಬಸ್ಟಾ. ಹತ್ತು ದನ ಇದಾವೆ. ನಾಲ್ಕು ವರ್ಷದ ಹಿಂದೆ ಹಳೇ ಗೋಬರ್ ಗ್ಯಾಸ್ ಗುಂಡಿ ಒಡೆದು ದೊಡ್ಡದು ಕಟ್ಟಿಸಿದ್ವಿ, ಸಗಣಿ ಜೊತೆಗೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಮಿಷನ್) ನೀರೂ ಅದಕ್ಕೇ ಬಿಡ್ತೀವಿ ಯಾಕಂದ್ರೆ ಹಳ್ಳಕ್ಕೆ ಬಿಟ್ರೆ ಕೆಳಗಿನ ಗದ್ದೆಯವ್ರು ಕೇಳ್ತಾರೆ, ಅವ್ರು ಕೇಳೋದೂ ನ್ಯಾಯನೇ. ಸೀಸನ್ನಲ್ಲಿ ದಿನಕ್ಕೆ 20 ಕ್ಯೂಬಿಕ್ ಮೀಟರ್ ಗ್ಯಾಸ್ ಬರುತ್ತೆ ಅಂತ ಕಟ್ಟಿದವ್ರು ಹೇಳಿದ್ರು, ಮೊದಲೆರಡು ವರ್ಷ ಚೆನ್ನಾಗೇ ಬಂತು, ಮನೆ ಅಡಿಗೆ, ಲೈನಿನ ಆಳುಗಳ ಅಡಿಗೆ, ಸ್ನಾನದ ಹಂಡೆ ಎಲ್ಲ ಅದ್ರಲ್ಲೇ ಆಗ್ತಿತ್ತು.

ಈ ವರ್ಷ ಹಣ್ಣು ಕೊಯ್ಲು ಶುರುವಾಗಿ ಪಲ್ಪಿಂಗ್ ಜೋರಾದ್ಮೇಲೆ ಉರಿನೇ ನಿಲ್ತಾ ಇಲ್ಲ. ಗ್ಯಾಸ್ ಬರುತ್ತೆ, ಡ್ರಮ್ಮೂ ಮೇಲೆದ್ದಿರುತ್ತೆ, ಆದ್ರೆ ಕಡ್ಡಿ ಗೀರಿದ್ರೆ ಬರ್ನರ್ ಬಿಟ್ಟು ಒಂದು ಗೇಣು ಮೇಲೆ ಎಗರಿ ಆರಿಹೋಗುತ್ತೆ. ಬೆಳಿಗ್ಗೆ ಐದಕ್ಕೆ ಅಮ್ಮ ಎದ್ದು ನಾಲ್ಕೈದು ಸಲ ಕಡ್ಡಿ ಗೀರಿ ಕೊನೆಗೆ ಸೌದೆ ಒಲೆ ಹಚ್ತಾರೆ, ನೋಡಕ್ಕಾಗಲ್ಲ.

ಈಗ ವಿಷಯ ಏನಂದ್ರೆ ಒಬ್ರು ಏಜೆಂಟ್ ಬಂದಿದ್ರು. ನಿಮ್ಮ ಗ್ಯಾಸಲ್ಲಿ 40 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್ ಇದೆ ಅದು ಉರಿಯಲ್ಲ, ನಾವು ಪೈಪ್ ಮಧ್ಯ ಒಂದು ನಿಕ್ಕಲ್ ಕ್ಯಾಟಲಿಸ್ಟ್ ಸಿಲಿಂಡರ್ ಕೂರಿಸ್ತೀವಿ, ಸಿಒ2 ಎಲ್ಲ ಮೀಥೇನ್ ಆಗುತ್ತೆ, ಮುಂದೆ ಇನ್ನೊಂದು ಯೂನಿಟ್ ಹಾಕಿದ್ರೆ ಮೆಥನಾಲ್ ಕೂಡ ತೆಗೆದು ಮಾರಬಹುದು ಅಂದ್ರು. 85 ಸಾವಿರ, ಅರ್ಧ ಅಡ್ವಾನ್ಸ್. ನನ್ನ ಮಗ ಹಾಸನದಲ್ಲಿ ಬಿಎಸ್ಸಿ ಎರಡನೇ ವರ್ಷ, ಅವನನ್ನ ಕೇಳಿದ್ರೆ "ಅಪ್ಪ ಸಬಾಟಿಯೇ ರಿಯಾಕ್ಷನ್ ಅಂತ ನಿಜವಾಗ್ಲೂ ಇದೆ, ಸುಳ್ಳಲ್ಲ, ಆದ್ರೆ ಏನೋ ಸರಿ ಇಲ್ಲ ಅನ್ನಿಸ್ತಿದೆ" ಅಂತಾನೆ. ಗೊತ್ತಿರೋರು ದಯವಿಟ್ಟು ಹೇಳಿ, ಸೋಮವಾರ ಆತ ಮತ್ತೆ ಬರ್ತಾನೆ.

ಸಕಲೇಶಪುರ_ಪ್ಲಾಂಟ್_ಇಂಜಿನಿಯರ್:

ಅಣ್ಣ, ಅಡ್ವಾನ್ಸ್ ಕೊಡಬೇಡಿ. ಮೊದಲು ಇದನ್ನ ಓದಿ.

ನಿಮ್ಮ ಮಗನಿಗೆ ಅನ್ನಿಸಿದ್ದು ಸರಿ ಇದೆ. ಸಬಾಟಿಯೇ ರಿಯಾಕ್ಷನ್ ಅಂದ್ರೆ ಒಂದು ಸಿಒ2 ಜೊತೆ ನಾಲ್ಕು ಹೈಡ್ರೋಜನ್ ಸೇರಿ ಒಂದು ಮೀಥೇನ್, ಎರಡು ನೀರು ಆಗೋದು. ನಿಕ್ಕಲ್ ಮೇಲೆ 300ರಿಂದ 400 ಡಿಗ್ರೀಲಿ ಚೆನ್ನಾಗಿ ನಡೆಯುತ್ತೆ. ಆ ಏಜೆಂಟ್ ನಿಕ್ಕಲ್ ಬಗ್ಗೆ ಹೇಳಿದ, ಸಿಒ2 ಬಗ್ಗೆ ಹೇಳಿದ, ಆ ನಾಲ್ಕು ಹೈಡ್ರೋಜನ್ ಎಲ್ಲಿಂದ ಬರುತ್ತೆ ಅಂತ ಹೇಳಿದ್ನಾ? ಇಡೀ ಕಥೆ ಇರೋದೇ ಅಲ್ಲಿ. ಹೈಡ್ರೋಜನ್ ಇಲ್ದೆ ನಿಮ್ಮ ಗ್ಯಾಸನ್ನ ನಿಕ್ಕಲ್ ಮೇಲೆ ವರ್ಷಗಟ್ಟಲೆ ಹಾಯಿಸಿದ್ರೂ ಸಿಒ2 ಮೀಥೇನ್ ಆಗಲ್ಲ.

ಕ್ಯಾಟಲಿಸ್ಟ್ ಅಂದ್ರೆ ಜನ ಏನೋ ಶಕ್ತಿ ಕೊಡುತ್ತೆ ಅಂದ್ಕೋತಾರೆ. ಅದು ಶಕ್ತಿ ಕೊಡಲ್ಲ, ದಾರಿ ಕೊಡುತ್ತೆ ಅಷ್ಟೆ. ನಮ್ಮ ಕಡೆ ಭಾಷೇಲಿ ಹೇಳ್ಬೇಕು ಅಂದ್ರೆ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ರೈಲು ದಾರೀಲಿ 57 ಸುರಂಗ ಇದಾವಲ್ಲ, ಆ ಸುರಂಗ ಇದ್ರೆ ಗುಡ್ಡ ಹತ್ತಿ ಇಳಿಯೋ ಕಷ್ಟ ತಪ್ಪುತ್ತೆ, ಆದ್ರೆ ಹಾಸನ ಸಮುದ್ರಕ್ಕಿಂತ ಒಂಬೈನೂರು ಚಿಲ್ಲರೆ ಮೀಟರ್ ಮೇಲಿರೋದು ಸುರಂಗದಿಂದ ಬದಲಾಗಲ್ಲ. ಸಿಒ2 ಜೊತೆ ಹೈಡ್ರೋಜನ್ ರೆಡಿ ಇದ್ರೆ ಅದು ಹಾಸನದಲ್ಲಿ ನಿಂತಿರೋ ಲಾರಿ ಇದ್ದಂಗೆ, ಘಾಟಿ ಇಳಿಯೋದು ಸುಲಭ, ಇಳೀತಾ ಬಿಸಿನೂ ಬಿಡುತ್ತೆ. ಆದ್ರೆ ನಿಮ್ಮ ಹತ್ರ ಇರೋದು ಸಿಒ2 ಮತ್ತೆ ಬಾವಿ ನೀರು. ನಿಮ್ಮ ಲಾರಿ ಮಂಗಳೂರಲ್ಲೇ ನಿಂತಿದೆ ಅಣ್ಣ. ಅದನ್ನ ಹಾಸನಕ್ಕೆ ಹತ್ತಿಸೋ ಡೀಸೆಲ್ ಅಂದ್ರೆ ನೀರು ಒಡೆದು ಹೈಡ್ರೋಜನ್ ಮಾಡೋಕೆ ಬೇಕಾಗೋ ಕರೆಂಟು.

ನಿಮ್ಮ ಲೆಕ್ಕನೇ ಹಾಕಿ ತೋರಿಸ್ತೀನಿ. ದಿನಕ್ಕೆ 20 ಕ್ಯೂಬಿಕ್ ಮೀಟರಲ್ಲಿ 40 ಪರ್ಸೆಂಟ್ ಅಂದ್ರೆ 8 ಕ್ಯೂಬಿಕ್ ಮೀಟರ್ ಸಿಒ2. ಅದಕ್ಕೆ ನಾಲ್ಕು ಪಟ್ಟು, 32 ಕ್ಯೂಬಿಕ್ ಮೀಟರ್ ಹೈಡ್ರೋಜನ್ ಬೇಕು, ತೂಕದಲ್ಲಿ 2.7 ಕೇಜಿ ಆಸುಪಾಸು. ನೀರಿಂದ ಒಂದು ಕೇಜಿ ಹೈಡ್ರೋಜನ್ ತೆಗೆಯೋಕೆ 50ರಿಂದ 55 ಯೂನಿಟ್ ಕರೆಂಟ್ ಹೋಗುತ್ತೆ, ಅಂದ್ರೆ ದಿನಕ್ಕೆ ಸುಮಾರು 145 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಅಂತ ಇಟ್ಕೊಂಡ್ರೂ ಸಾವಿರ ರೂಪಾಯಿ ಆಯ್ತು. ಅದರಿಂದ ನಿಮಗೆ ಹೆಚ್ಚುವರಿ ಸಿಗೋದು 8 ಕ್ಯೂಬಿಕ್ ಮೀಟರ್ ಮೀಥೇನ್, 6 ಕೇಜಿ ಎಲ್‌ಪಿಜಿಗೂ ಸ್ವಲ್ಪ ಕಮ್ಮಿ, ಅರ್ಧ ಸಿಲಿಂಡರ್ ಕೂಡ ಅಲ್ಲ. ಅಷ್ಟು ಕರೆಂಟನ್ನ ಇಂಡಕ್ಷನ್ ಒಲೆಗೆ ಕೊಟ್ರೆ ಇನ್ನೂ ಜಾಸ್ತಿ ಅಡಿಗೆ ಆಗುತ್ತೆ.

ಇನ್ನೊಂದು ಗಂಭೀರವಾದ ಮಾತು. ಹೈಡ್ರೋಜನ್ ಗಾಳೀಲಿ 4 ಪರ್ಸೆಂಟಿಂದ 75 ಪರ್ಸೆಂಟ್ ತನಕ ಎಷ್ಟಿದ್ರೂ ಹೊತ್ಕೊಳ್ಳುತ್ತೆ. ಮೀಥೇನ್‌ಗೆ ಅದು 5ರಿಂದ 15 ಅಷ್ಟೆ. ಅಡಿಗೆಮನೆ ಪಕ್ಕ 350 ಡಿಗ್ರಿ ಡಬ್ಬಿ, ಹೈಡ್ರೋಜನ್ ಪೈಪು, ಬೇಡವೇ ಬೇಡ. ನಾನು ಹನ್ನೊಂದು ವರ್ಷದಿಂದ ಹೈಡ್ರೋಜನ್ ಲೈನ್ ಇರೋ ಪ್ಲಾಂಟಲ್ಲಿ ಕೆಲಸ ಮಾಡ್ತಿದೀನಿ, ಇವತ್ತಿಗೂ ಲೀಕ್ ಡಿಟೆಕ್ಟರ್ ಇಲ್ದೆ ಆ ಕಡೆ ಕಾಲಿಡಲ್ಲ.

ತೋಟದಮನೆ_ಮೂಡಿಗೆರೆ:

ತುಂಬಾ ಉಪಕಾರ ಆಯ್ತು. ಹೈಡ್ರೋಜನ್ ಮಾತೇ ಆತ ಎತ್ತಿಲ್ಲ. ಒಂದು ಡೌಟು, ಸೋಲಾರ್ ಹಾಕಿದ್ರೆ ಕರೆಂಟ್ ಫ್ರೀ ಅಲ್ವಾ?

ಸಕಲೇಶಪುರ_ಪ್ಲಾಂಟ್_ಇಂಜಿನಿಯರ್:

145 ಯೂನಿಟ್ ಬೇಕು ಅಂದ್ರೆ ಒಂದು ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ 4 ಯೂನಿಟ್ ಕೊಡುತ್ತೆ ಅಂತ ಹಿಡಿದ್ರೂ 36 ಕಿಲೋವ್ಯಾಟ್ ಪ್ಯಾನಲ್ ಬೇಕು. ಅಷ್ಟು ಪ್ಯಾನಲ್ ಹಾಕೋ ಜಾಗ, ದುಡ್ಡು ಇದ್ರೆ ಪಲ್ಪರ್ ಮೋಟ್ರು, ಪಂಪ್‌ಸೆಟ್ ಎಲ್ಲ ನೇರ ಅದ್ರಲ್ಲೇ ಓಡಿಸಿ. ಜೂನಿಂದ ಸೆಪ್ಟೆಂಬರ್ ನಿಮ್ಮೂರಲ್ಲಿ ಬಿಸಿಲೆಲ್ಲಿ ನೋಡ್ತೀರಿ.

ಹಾಗಂತ ಇದು ಎಲ್ಲೂ ಆಗದ ಮಾತಲ್ಲ. ಜರ್ಮನಿಯ ವೆರ್ಲ್ಟೆ ಅನ್ನೋ ಊರಲ್ಲಿ ಆಡಿ ಕಾರ್ ಕಂಪನಿಯವ್ರು 2013ರಲ್ಲಿ ಒಂದು ಪ್ಲಾಂಟ್ ಹಾಕಿದ್ರು, ಪಕ್ಕದ ಬಯೋಗ್ಯಾಸ್ ಪ್ಲಾಂಟಿಂದ ಬರೋ ಸಿಒ2, ಗಾಳಿಯಂತ್ರದ ಕರೆಂಟಲ್ಲಿ ಮಾಡಿದ ಹೈಡ್ರೋಜನ್, ವರ್ಷಕ್ಕೆ ಸುಮಾರು 1000 ಟನ್ ಮೀಥೇನ್. ನಿಮ್ಮ ಏಜೆಂಟ್ ಹೇಳಿದ ಐಡಿಯಾನೇ ಅದು. ಆದ್ರೆ ಅಲ್ಲಿ ನೀರು ಒಡೆಯೋ ಯಂತ್ರನೇ 6 ಮೆಗಾವ್ಯಾಟ್.

ಹಾಸನ_ಕೆಮಿಸ್ಟ್ರಿ_ಮೇಡಂ:

ಮೇಲಿನವರು ಹೇಳಿದ್ದು ಅಕ್ಷರಶಃ ಸರಿ. ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ ಯಾಕಂದ್ರೆ ನಿಮ್ಮ ಪೋಸ್ಟ್ ಓದಿದಾಗ ನನಗೆ ಕಣ್ಣಿಗೆ ಬಿದ್ದಿದ್ದು ಕ್ಯಾಟಲಿಸ್ಟ್ ಅಲ್ಲ, "ಪಲ್ಪಿಂಗ್ ಜೋರಾದ್ಮೇಲೆ" ಅನ್ನೋ ಮಾತು.

ಕ್ಲಾಸಲ್ಲಿ ಮಕ್ಕಳಿಗೆ ಯಾವಾಗ್ಲೂ ಹೇಳ್ತೀನಿ, ಸಿಒ2 ಅಂದ್ರೆ ಬೂದಿ. ಇಂಗಾಲ ಪೂರ್ತಿ ಉರಿದು ಮುಗಿದ ಮೇಲೆ ಉಳಿಯೋದು. ಬೂದಿನ ಮತ್ತೆ ಸೌದೆ ಮಾಡ್ಬೇಕು ಅಂದ್ರೆ ಉರಿಯುವಾಗ ಹೋದ ಶಾಖನೆಲ್ಲ ಯಾರಾದ್ರೂ ವಾಪಸ್ ಕಟ್ಟಬೇಕು, ಮರಗಳು ಬಿಸಿಲಿಂದ ಕಟ್ತಾವೆ, ನಾವು ಹೈಡ್ರೋಜನ್ ಮೂಲಕ ಕಟ್ತೀವಿ.

ಪಾಲ್ ಸಬಾಟಿಯೇ ಫ್ರಾನ್ಸಿನವರು, ನುಣ್ಣಗೆ ಮಾಡಿದ ನಿಕ್ಕಲ್ ಪುಡಿ ಮೇಲೆ ಹೈಡ್ರೋಜನ್ ಸೇರಿಸೋ ಕೆಲಸಕ್ಕೆ 1912ರಲ್ಲಿ ನೊಬೆಲ್ ಬಂತು. ನಮ್ಮ ಅಡಿಗೆಮನೆಗೆ ಡಾಲ್ಡಾ ಬಂದಿದ್ದು ಅದೇ ದಾರೀಲಿ, ಎಣ್ಣೆಗೆ ನಿಕ್ಕಲ್ ಮೇಲೆ ಹೈಡ್ರೋಜನ್ ಸೇರಿಸಿದ್ರೆ ಗಟ್ಟಿಯಾಗುತ್ತೆ. ಅಂತರಿಕ್ಷ ನಿಲ್ದಾಣದಲ್ಲಿ 2010ರಿಂದ ಸಬಾಟಿಯೇ ಯಂತ್ರ ಇಟ್ಟಿದ್ರು, ಗಗನಯಾತ್ರಿಗಳು ಬಿಡೋ ಉಸಿರಿನ ಸಿಒ2ಗೆ ಹೈಡ್ರೋಜನ್ ಸೇರಿಸಿ ಕುಡಿಯೋ ನೀರು ಪಡೆಯೋಕೆ. ಅಲ್ಲಿ ಬೇಕಿರೋದು ನೀರು, ಮೀಥೇನನ್ನ ಹೊರಗೆ ಬಿಡೋದು.

ಈಗ ನಿಮ್ಮ ಕೊಟ್ಟಿಗೆಗೆ ಬರ್ತೀನಿ. ಇದೇ ರಿಯಾಕ್ಷನ್ ನಿಮ್ಮ ಹಸುಗಳ ಹೊಟ್ಟೇಲಿ ಮತ್ತೆ ಗೋಬರ್ ಗ್ಯಾಸ್ ಗುಂಡೀಲಿ ದಿನಾ ನಡೀತಿದೆ. 350 ಡಿಗ್ರಿ ಬೇಡ, ಹಸುವಿನ ಮೈ ಬಿಸಿ ಸಾಕು. ಮೀಥೇನ್ ಮಾಡೋ ಸೂಕ್ಷ್ಮಜೀವಿಗಳು ಗುಂಡಿ ಒಳಗೇ ಹುಟ್ಟೋ ಹೈಡ್ರೋಜನ್‌ನ ಸಿಒ2 ಜೊತೆ ಸೇರಿಸಿ ಮೀಥೇನ್ ಮಾಡ್ತಾವೆ, ಇನ್ನು ಕೆಲವು ವಿನೆಗರ್ ಆಸಿಡ್ಡನ್ನೇ ಒಡೆದು ಮಾಡ್ತಾವೆ. ನಿಮಗೆ ಆಶ್ಚರ್ಯ ಆಗಬಹುದು, ಅವುಗಳ ಎನ್ಜೈಮ್ ಒಳಗೆ ಕೂತಿರೋ ಲೋಹನೂ ನಿಕ್ಕಲ್ಲೇ, ಆ ನಿಕ್ಕಲ್ ಇರೋ ಭಾಗನ ಎಫ್430 ಅಂತ ಕರೀತಾರೆ. ಸಬಾಟಿಯೇ ಹುಟ್ಟೋಕೆ ಎಷ್ಟೋ ಕೋಟಿ ವರ್ಷ ಮೊದಲೇ ಈ ಜೀವಿಗಳು ಅದೇ ಲೋಹ ಹಿಡಿದಿದ್ವು ಅನ್ನೋದನ್ನ ಪಾಠ ಮಾಡುವಾಗ ಪ್ರತಿ ವರ್ಷ ನನಗೇ ಮೈ ಜುಮ್ ಅನ್ನುತ್ತೆ.

ಆದ್ರೆ ಈ ಜೀವಿಗಳಿಗೆ ಹುಳಿ ಆಗಲ್ಲ. ಪಿಎಚ್, ಅಂದ್ರೆ ಹುಳಿ ಅಳೆಯೋ ನಂಬರ್, 7ರ ಆಸುಪಾಸು ಇರಬೇಕು. ಪಲ್ಪರ್ ನೀರು ಸಕ್ಕರೆ, ಲೋಳೆ ಎಲ್ಲ ಇರೋದ್ರಿಂದ ಒಂದೆರಡು ದಿನಕ್ಕೇ ಹುಳಿ ಬಂದು ಪಿಎಚ್ 4ರ ಹತ್ರ ಇಳಿಯುತ್ತೆ. ಅದನ್ನ ಒಂದೇ ಸಮ ಗುಂಡಿಗೆ ಬಿಟ್ರೆ ಆಸಿಡ್ ಮಾಡೋ ಬ್ಯಾಕ್ಟೀರಿಯಾ ಮುಂದೆ ಓಡ್ತಾವೆ, ಮೀಥೇನ್ ಮಾಡೋವು ಸುಸ್ತಾಗ್ತಾವೆ, ಗ್ಯಾಸ್ ಬರ್ತಾನೇ ಇರುತ್ತೆ ಆದ್ರೆ ಅದ್ರಲ್ಲಿ ಸಿಒ2 ಏರುತ್ತೆ, ಉರಿ ನಿಲ್ಲಲ್ಲ. ನೀವು ಹೇಳಿದ ಲಕ್ಷಣ ಪೂರ್ತಿ ಇದೇ. ಡಿಸೆಂಬರ್ ಚಳೀನೂ ಸೇರಿದೆ. ಅಂದ್ರೆ ನಿಮ್ಮ ಮನೇಲಿ ಕ್ಯಾಟಲಿಸ್ಟ್ ಆಗ್ಲೇ ಇದೆ, ಅದಕ್ಕೆ ಹುಷಾರಿಲ್ಲ.

ಮಗನಿಗೆ ಹೇಳಿ ಒಂದು ಪರೀಕ್ಷೆ ಮಾಡ್ಸಿ. 60 ಎಂಎಲ್ ಪ್ಲಾಸ್ಟಿಕ್ ಸಿರಿಂಜ್ ತಗೊಳ್ಳಿ, ಸೂಜಿ ಬೇಡ. ಬರ್ನರ್ ಪೈಪಿಂದ 40 ಎಂಎಲ್ ಗ್ಯಾಸ್ ಎಳೀರಿ, ಆಮೇಲೆ ಸಿರಿಂಜ್ ಬಾಯಿಗೆ ಗಾಳಿ ಹೋಗದಂಗೆ ಕಾಸ್ಟಿಕ್ ಸೋಡಾ ನೀರು 10 ಎಂಎಲ್ ಎಳೆದು, ಬೆರಳಲ್ಲ, ರಬ್ಬರ್ ಮುಚ್ಚಳದಿಂದ ಬಾಯಿ ಮುಚ್ಚಿ ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಸಿಒ2ನೆಲ್ಲ ಕಾಸ್ಟಿಕ್ ಕುಡಿದುಬಿಡುತ್ತೆ, ಪಿಸ್ಟನ್ ತಾನೇ ಒಳಗೆ ಹೋಗುತ್ತೆ. ಎಷ್ಟು ಎಂಎಲ್ ಕಮ್ಮಿ ಆಯ್ತೋ ಅಷ್ಟು ಸಿಒ2. ಗ್ಲೌಸು, ಕನ್ನಡಕ ಕಡ್ಡಾಯ, ಕಾಸ್ಟಿಕ್ ಕಣ್ಣಿಗೆ ಬಿದ್ರೆ ಕಣ್ಣು ಹೋಗುತ್ತೆ. ಹತ್ತಿರ ಬೆಂಕಿ ಬೇಡ. ಹಾಗೇ ಗುಂಡಿ ನೀರಿಗೆ ಪಿಎಚ್ ಪೇಪರ್ ಅದ್ದಿ ನೋಡಿ, ಎರಡೂ ನಂಬರ್ ಇಲ್ಲಿ ಹಾಕಿ.

ಚನ್ನರಾಯಪಟ್ಟಣ_ಕಬ್ಬು:

ಎಲ್ಲ ಸರಿ ಐತೆ, ಆದ್ರೆ ನಂದೊಂದು ಪ್ರಶ್ನೆ ಐತೆ. ಸಿಒ2ಯಿಂದ ಮೆಥನಾಲ್ ಮಾಡ್ತಾರೆ ಅಂತ ಪೇಪರಲ್ಲಿ ಎಷ್ಟೊಂದು ಬರ್ತಾ ಐತಲ್ಲ, ಅದೆಲ್ಲ ಸುಳ್ಳಾ ಹಂಗಾದ್ರೆ? ಕಬ್ಬಿನ ಮೊಲಾಸಸ್ ಕೊಳೆಸಿ ಸ್ಪಿರಿಟ್ ಮಾಡೋ ಕಡೆ ಸಿಒ2 ಬುರುಬುರು ಅಂತ ಬರ್ತದೆ, ಸುಮ್ನೆ ಗಾಳಿಗೆ ಬಿಡ್ತಾರೆ, ಅದನ್ನಾದ್ರೂ ಬಳಸ್ಬೋದಲ್ವಾ.

ಕಡೂರು_ರಿಸರ್ಚ್:

ಸುಳ್ಳಲ್ಲ ಅಣ್ಣ. ನಾನು ಬೆಂಗಳೂರಲ್ಲಿ ಇದೇ ವಿಷಯದ ಮೇಲೆ ಪಿಎಚ್‌ಡಿ ಮಾಡ್ತಿದೀನಿ, ಸಿಒ2 ಮೆಥನಾಲ್ ಮಾಡೋ ತಾಮ್ರದ ಕ್ಯಾಟಲಿಸ್ಟ್. ಊರು ಕಡೂರು ಹತ್ರ.

ಡಿಸ್ಟಿಲರಿ ಸಿಒ2 ಬಗ್ಗೆ ನೀವು ಹೇಳಿದ್ದು ಬಹಳ ಒಳ್ಳೇ ಪಾಯಿಂಟು, ಅದು ಹೆಚ್ಚುಕಮ್ಮಿ ಶುದ್ಧ ಸಿಒ2, ಆಲ್ಕೋಹಾಲ್ ಎಷ್ಟು ತೂಕ ಬರುತ್ತೋ ಸರಿಸುಮಾರು ಅಷ್ಟೇ ತೂಕದ ಸಿಒ2 ಬರುತ್ತೆ. ಕಲ್ಲಿದ್ದಲು ಪ್ಲಾಂಟಿನ ಹೊಗೇಲಿ ಹತ್ತು ಹದಿನೈದು ಪರ್ಸೆಂಟ್ ಇರೋದನ್ನ ಬೇರೆ ಮಾಡೋ ಖರ್ಚು ಇಲ್ಲಿಲ್ಲ. ಆದ್ರೆ ಮತ್ತೆ ಅದೇ ಕಥೆ, ಹೈಡ್ರೋಜನ್. ಒಂದು ಟನ್ ಮೆಥನಾಲ್‌ಗೆ 1.4 ಟನ್ ಹತ್ರ ಸಿಒ2, 190 ಕೇಜಿ ಹತ್ರ ಹೈಡ್ರೋಜನ್ ಬೇಕು. ಲೀಟರ್ ಲೆಕ್ಕದಲ್ಲಿ ಒಂದು ಲೀಟರ್ ಮೆಥನಾಲ್‌ಗೆ ಹೈಡ್ರೋಜನ್‌ಗೇ ಸುಮಾರು 8 ಯೂನಿಟ್ ಕರೆಂಟು. ಅದಕ್ಕೇ ಇದು ಎಲ್ಲಿ ನಡೀತಿದೆ ನೋಡಿ: ಐಸ್‌ಲ್ಯಾಂಡ್‌ನಲ್ಲಿ ಭೂಮಿ ಬಿಸಿಯಿಂದಲೇ ಕರೆಂಟ್ ತೆಗೀತಾರೆ, ಅಲ್ಲಿ ಸ್ವಾರ್ಟ್ಸೆಂಗಿ ಅನ್ನೋ ಕಡೆ ಜಾರ್ಜ್ ಓಲಾ ಅನ್ನೋ ವಿಜ್ಞಾನಿ ಹೆಸರಲ್ಲಿ ವರ್ಷಕ್ಕೆ 4000 ಟನ್ ಮೆಥನಾಲ್ ಪ್ಲಾಂಟ್ ಕಟ್ಟಿದ್ರು. ಅದೇ ತಂತ್ರಜ್ಞಾನ 2022ರಲ್ಲಿ ಚೀನಾದ ಆನ್ಯಾಂಗ್‌ಗೆ ಹೋಯ್ತು, ವರ್ಷಕ್ಕೆ 1.1 ಲಕ್ಷ ಟನ್, ಅಲ್ಲಿ ಸಿಒ2 ಬರೋದು ಸುಣ್ಣದ ಗೂಡಿಂದ, ಹೈಡ್ರೋಜನ್ ಬರೋದು ಕೋಕ್ ಒಲೆಯ ಗ್ಯಾಸಿಂದ. ನಮ್ಮಲ್ಲಿ ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ ಸರ್ಕಾರಿ ಕರೆಂಟ್ ಕಂಪನಿ ಎನ್‌ಟಿಪಿಸಿಯವ್ರು ಹೊಗೆಯಿಂದ ಹಿಡಿದ ಸಿಒ2ಗೆ ದಿನಕ್ಕೆ 10 ಟನ್ ಮೆಥನಾಲ್ ಘಟಕ ಹಾಕಿದಾರೆ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಸೆಂಟರ್‌ನಲ್ಲಿ ಸೆಬಾಸ್ಟಿಯನ್ ಪೀಟರ್ ಅವರ ತಂಡ ಬ್ರೀದ್ ಅನ್ನೋ ಹೆಸರಲ್ಲಿ, ಸಿಒ2ನ ಉಪಯೋಗದ ವಸ್ತು ಮಾಡೋ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಕೊನೇ ಹತ್ತು ತಂಡಗಳಲ್ಲಿ ಒಂದಾಗಿತ್ತು. ಕೆಲಸ ನಿಜವಾಗಿ ನಡೀತಿದೆ.

ಯಾಕಿಷ್ಟು ತಲೆ ಕೆಡಿಸ್ಕೊಳ್ತೀವಿ ಅಂದ್ರೆ ಮೆಥನಾಲ್ ಎಲ್ಲದಕ್ಕೂ ತಾಯಿ ಇದ್ದಂಗೆ. ಚಿಕ್ಕಮಗಳೂರು ಕಡೆ ತೋಟದ ಸಿಲ್ವರ್ ಓಕ್ ಕಡಿದು ಪ್ಲೈವುಡ್‌ಗೆ ಕಳಿಸ್ತಾರಲ್ಲ, ಆ ಪ್ಲೈವುಡ್ ಅಂಟು ಫಾರ್ಮಾಲ್ಡಿಹೈಡಿಂದ ಆಗೋದು, ಫಾರ್ಮಾಲ್ಡಿಹೈಡ್ ಮೆಥನಾಲಿಂದ ಆಗೋದು, ಮೆಥನಾಲ್ ಬಹುಪಾಲು ಹೊರದೇಶದಿಂದ ಹಡಗಲ್ಲಿ ಬರೋದು. ಕ್ಯಾಟಲಿಸ್ಟ್ ಬದಲಿಸಿದ್ರೆ ಸಿಗೋ ವಸ್ತುನೂ ಬದಲಾಗುತ್ತೆ, ಅದೇ ನನಗೆ ಈ ವಿಷಯದಲ್ಲಿ ಹಿಡಿಸಿದ್ದು. ನಿಕ್ಕಲ್ ಆದ್ರೆ ಕೊನೇ ತನಕ ಓಡಿ ಮೀಥೇನ್, ತಾಮ್ರ ಸತು ಆದ್ರೆ ಮೆಥನಾಲ್‌ಗೆ ನಿಲ್ಲುತ್ತೆ, ಕಬ್ಬಿಣಕ್ಕೆ ಸ್ವಲ್ಪ ಪೊಟ್ಯಾಸಿಯಮ್ ಸೇರಿಸಿದ್ರೆ ಪ್ಲಾಸ್ಟಿಕ್‌ಗೆ ಬೇಕಾಗೋ ಓಲಿಫಿನ್ ಬರ್ತಾವೆ, ರುಥೇನಿಯಮ್‌ನಂಥ ಲೋಹದ ಕಾಂಪ್ಲೆಕ್ಸ್ ಆದ್ರೆ ಫಾರ್ಮಿಕ್ ಆಸಿಡ್. ಫಾರ್ಮಿಕ್ ಆಸಿಡ್ ಅಂದ್ರೆ ರಬ್ಬರ್ ಹಾಲಿಗೆ ಹೆಪ್ಪು ಹಾಕೋದು, ಮಲೆನಾಡಿನವ್ರಿಗೆ ಚಿಗಳಿ (ಕೆಂಪಿರುವೆ) ಚಟ್ನಿಯ ಹುಳಿ ಅಂದ್ರೆ ಬೇಗ ಗೊತ್ತಾಗುತ್ತೆ.

ತೋಟದವ್ರಿಗೆ ಒಂದು ಮಾತು. ಆ ಏಜೆಂಟ್ ಹೈಡ್ರೋಜನ್ ತಂದುಕೊಟ್ರೂ ನಿಮ್ಮ ಗ್ಯಾಸಲ್ಲಿ ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಹೈಡ್ರೋಜನ್ ಸಲ್ಫೈಡ್, ಅದು ನಿಕ್ಕಲ್‌ಗೂ ತಾಮ್ರಕ್ಕೂ ವಿಷ. ನಿಮ್ಮ ಒಲೆಯ ಹಿತ್ತಾಳೆ ಬರ್ನರ್ ಕಪ್ಪಗಾಗಿರೋದು ನೋಡಿ, ಕ್ಯಾಟಲಿಸ್ಟ್ ಮೈಮೇಲೂ ಅದೇ ಆಗೋದು, ಆಮೇಲೆ ಅದು ಬರೀ ಪುಡಿ. ನಾನು ಕ್ಯಾಟಲಿಸ್ಟ್ ಮಾಡೋದು ಹೇಗೆ ಅಂದ್ರೆ ತಾಮ್ರ, ಸತುವಿನ ನೈಟ್ರೇಟ್ ನೀರಿಗೆ ವಾಷಿಂಗ್ ಸೋಡಾ ಕರಗಿಸಿದ ನೀರು ಹನಿ ಹನಿ ಬಿಟ್ಟು ಪಿಎಚ್ 7ರಲ್ಲಿ ಹಿಡಿಯಬೇಕು, ತಿಳಿ ನೀಲಿ ಗಸಿ ಬೀಳುತ್ತೆ, ಬಿಸಿಯಲ್ಲಿ ತಿರುಗಿಸ್ತಾ ಕಾದ್ರೆ ಅದು ನಿಧಾನಕ್ಕೆ ಹಸಿರಿಗೆ ತಿರುಗುತ್ತೆ, ಆ ಬಣ್ಣ ತಿರುಗೋ ಗಳಿಗೆ ತಪ್ಪಿಸಿದ್ರೆ ಕ್ಯಾಟಲಿಸ್ಟ್ ಚೆನ್ನಾಗಿ ಬರಲ್ಲ. ಸೋಸಿ, ಒಣಗಿಸಿ, ಸುಟ್ರೆ ಕಪ್ಪು ಪುಡಿ. ಕೊನೆಗೆ ಹೈಡ್ರೋಜನ್‌ನಲ್ಲಿ ಕಾಯಿಸಿದ್ಮೇಲೆ ತಾಮ್ರ ಕೆಲಸಕ್ಕೆ ಬರುತ್ತೆ. ಮೊದಲ ವರ್ಷ ಒಂದಿನ ಅವಸರ ಮಾಡಿ ರಿಯಾಕ್ಟರ್ ಬೇಗ ಬಿಚ್ಚಿಬಿಟ್ಟೆ, ಗಾಳಿ ತಾಗಿದ್ದೇ ತಡ ಆ ಪುಡಿ ಒಲೆ ಕೆಂಡದ ಥರ ಕೆಂಪಗೆ ಹೊತ್ಕೊಂಡು ಎರಡು ತಿಂಗಳ ಕೆಲಸ ಕಣ್ಣೆದುರಿಗೆ ಹೋಯ್ತು. ಇಂಥ ವಸ್ತುನ ಅಡಿಗೆಮನೆ ಪೈಪಿಗೆ ಕೂರಿಸ್ತೀನಿ ಅನ್ನೋರನ್ನ ನಂಬಬೇಡಿ.

ಮೆಥನಾಲ್ ಮಾರೋ ಮಾತಂತೂ ಮರೆತುಬಿಡಿ. 50 ಬಾರ್ ಮೇಲೆ ಪ್ರೆಷರ್ ಬೇಕು, ಒಂದು ಸಲ ಹಾಯಿಸಿದ್ರೆ ಸಿಒ2ಯಲ್ಲಿ ಕಾಲು ಭಾಗವೂ ಬದಲಾಗಲ್ಲ, ಉಳಿದಿದ್ದನ್ನ ಮತ್ತೆ ಮತ್ತೆ ಸುತ್ತಿಸಬೇಕು. ಮೆಥನಾಲ್ ಸ್ವಲ್ಪ ಕುಡಿದ್ರೂ ಕಣ್ಣು, ಪ್ರಾಣ ಎರಡಕ್ಕೂ ಅಪಾಯ, ಲೈಸೆನ್ಸ್ ಇಲ್ದೆ ಮನೇಲಿಟ್ಕೊಳ್ಳೋ ವಸ್ತು ಅಲ್ಲ.

ತೋಟದಮನೆ_ಮೂಡಿಗೆರೆ:

ಮಗ ಶನಿವಾರ ಬಂದು ಪರೀಕ್ಷೆ ಮಾಡಿದ. 40 ಎಂಎಲ್ ಗ್ಯಾಸ್ ಅಲ್ಲಾಡಿಸಿದ ಮೇಲೆ 18ಕ್ಕೆ ಇಳೀತು, ಅಂದ್ರೆ ಅರ್ಧಕ್ಕಿಂತ ಜಾಸ್ತಿ ಸಿಒ2. ಪಿಸ್ಟನ್ ತಾನಾಗೇ ಒಳಗೆ ಜಾರಿದ್ದು ನೋಡಿ ಅಮ್ಮಂಗೂ ಆಶ್ಚರ್ಯ. ಪಿಎಚ್ ಪೇಪರ್ 5.5 ತೋರಿಸ್ತು. ಮೇಡಂ ಈಗೇನು ಮಾಡ್ಲಿ?

ಹಾಸನ_ಕೆಮಿಸ್ಟ್ರಿ_ಮೇಡಂ:

ಪಲ್ಪರ್ ನೀರು ಇವತ್ತೇ ನಿಲ್ಲಿಸಿ, ಬೇರೆ ತೊಟ್ಟಿಗೆ ಬಿಡಿ. ಆ ತೊಟ್ಟೀಲಿ ಸುಣ್ಣ ಕಲೆಸಿ ಹುಳಿ ತೆಗೆದು ಆಮೇಲೆ ಬಳಸಬಹುದು. ಗುಂಡಿಗೆ ದಿನಾ ಹೊಸ ಸಗಣಿ ಮಾತ್ರ ಹಾಕಿ, ಜೊತೆಗೆ ತಿಳಿಯಾಗಿ ಕಲೆಸಿದ ಸುಣ್ಣದ ನೀರು ಸ್ವಲ್ಪ ಸ್ವಲ್ಪ, ಒಂದೇ ಸಲ ಸುರಿಯಬೇಡಿ. ಚೆನ್ನಾಗಿ ಉರೀತಿರೋ ಪಕ್ಕದ ತೋಟದ ಗುಂಡಿಯಿಂದ ನಾಲ್ಕೈದು ಬಿಂದಿಗೆ ಬಗ್ಗಡ ತಂದು ಸುರಿದ್ರೆ ಮೊಸರಿಗೆ ಹೆಪ್ಪು ಹಾಕಿದಂಗೆ, ಮೀಥೇನ್ ಮಾಡೋ ಜೀವಿಗಳು ಬೇಗ ಹೆಚ್ಚುತ್ತವೆ. ಪಿಎಚ್ 7 ಹತ್ರ ಬಂದ್ಮೇಲೆ ಸುಣ್ಣ ಹಾಕಿದ ಪಲ್ಪರ್ ನೀರನ್ನ ದಿನಕ್ಕೆ ಸ್ವಲ್ಪ ಸ್ವಲ್ಪ ಶುರು ಮಾಡಿ. ಎರಡು ಮೂರು ವಾರ ತಾಳ್ಮೆ ಬೇಕು.

ಸಕಲೇಶಪುರ_ಪ್ಲಾಂಟ್_ಇಂಜಿನಿಯರ್:

ಆಮೇಲೆ ಯಾರಾದ್ರೂ ಬಂದು ಸಿಒ2 ತೆಗೆಯೋ ಸ್ಕ್ರಬ್ಬರ್ ಮಾರ್ತೀನಿ ಅಂದ್ರೂ ಅಡಿಗೆಗೆ ಅದೂ ಬೇಡ ಅಣ್ಣ. ನೀರು ಸಿಒ2ನ ಮೀಥೇನಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಕರಗಿಸ್ಕೊಳ್ಳುತ್ತೆ, ಅದನ್ನೇ ಬಳಸಿ ವಾಹನಕ್ಕೆ ಹಾಕೋ ಬಯೋಗ್ಯಾಸ್ ಶುದ್ಧ ಮಾಡ್ತಾರೆ, ಸರಿಯಾದ ತಂತ್ರ. ಆದ್ರೆ 60 ಪರ್ಸೆಂಟ್ ಮೀಥೇನ್ ಇದ್ರೆ ಗೋಬರ್ ಗ್ಯಾಸ್ ಒಲೆ ಹಂಗೇ ಚೆನ್ನಾಗಿ ಉರಿಯುತ್ತೆ. ಒಲೆಯ ಗಾಳಿ ತೂತು ಒಂದ್ಸಲ ಕ್ಲೀನ್ ಮಾಡ್ಸಿ ಸಾಕು.

ತೋಟದಮನೆ_ಮೂಡಿಗೆರೆ:

ಹದಿನೆಂಟು ದಿನ ಆಯ್ತು, ಬರೀಬೇಕು ಅನ್ನಿಸ್ತು. ಮೇಡಂ ಹೇಳಿದಂಗೇ ಮಾಡಿದ್ವಿ, ಕೊಟ್ಟಿಗೆಹಾರದ ಸಂಬಂಧಿಕರ ಗುಂಡಿಯಿಂದ ಜೀಪಲ್ಲಿ ಆರು ಬಿಂದಿಗೆ ಬಗ್ಗಡ ತಂದು ಹಾಕಿದ್ವಿ. ಮೊದಲ ವಾರ ಏನೂ ಆಗ್ಲಿಲ್ಲ, ನನಗೂ ಮನಸ್ಸು ಕೆಟ್ಟಿತ್ತು. ಹತ್ತನೇ ದಿನಕ್ಕೆ ಉರಿ ನಿಂತ್ಕೊಳ್ತು ಆದ್ರೆ ಸಣ್ಣಗೆ. ನಿನ್ನೆ ಮಗ ಮತ್ತೆ ಸಿರಿಂಜ್ ಪರೀಕ್ಷೆ ಮಾಡಿದ, 40ರಲ್ಲಿ 24 ಉಳೀತು. ಪಿಎಚ್ 7ಕ್ಕೆ ಸ್ವಲ್ಪ ಕಮ್ಮಿ. ಇವತ್ತು ಬೆಳಿಗ್ಗೆ ಅಮ್ಮ ಒಂದೇ ಕಡ್ಡೀಲಿ ಹಚ್ಚಿ ಕಾಫಿ ಡಿಕಾಕ್ಷನ್‌ಗೆ ನೀರಿಟ್ರು, ನೀಲಿ ಉರಿ.

ಏಜೆಂಟ್ ಸೋಮವಾರ ಬಂದಿದ್ರು. ಹೈಡ್ರೋಜನ್ ಎಲ್ಲಿಂದ ಬರುತ್ತೆ ಅಂತ ಮಗನೇ ಕೇಳಿದ. ಆಫೀಸಲ್ಲಿ ವಿಚಾರಿಸಿ ಹೇಳ್ತೀನಿ ಅಂತ ಹೋದವ್ರು ಫೋನ್ ಮಾಡಿಲ್ಲ. ಈ ಕಡೆ ಬೇರೆ ತೋಟದವ್ರ ಹತ್ರನೂ ಹೋಗಿದಾರಂತೆ, ಅದಕ್ಕೇ ಇದನ್ನ ಎಲ್ರಿಗೂ ಕಳಿಸ್ತಾ ಇದೀನಿ.

ಕಡೂರಿನ ತಂಗಿ, ಮಗ ನಿಮ್ಮ ಕ್ಯಾಟಲಿಸ್ಟ್ ಬಣ್ಣ ತಿರುಗೋ ಕಥೆ ಮೂರು ಸಲ ಓದಿದಾನೆ, ಎಂಎಸ್ಸಿಗೆ ಏನು ಓದ್ಬೇಕು ಅಂತ ಕೇಳ್ತಿದಾನೆ.

ಕಡೂರು_ರಿಸರ್ಚ್:

ಇನಾರ್ಗ್ಯಾನಿಕ್ ಅಥವಾ ಫಿಸಿಕಲ್ ಕೆಮಿಸ್ಟ್ರಿ ತಗೊಳ್ಳಲಿ, ಥರ್ಮೋಡೈನಮಿಕ್ಸ್ ಚೆನ್ನಾಗಿ ಓದ್ಲಿ. ಸಂಕ್ರಾಂತಿಗೆ ಊರಿಗೆ ಬರ್ತೀನಿ, ಕಡೂರಿಗೆ ಬಂದ್ರೆ ಕೂತು ಮಾತಾಡೋಣ, ಆ ನೀಲಿಯಿಂದ ಹಸಿರಾಗಿರೋ ಪುಡೀನೂ ಒಂದು ಚಿಕ್ಕ ಶೀಶೇಲಿ ತರ್ತೀನಿ, ಆ ಹಂತದಲ್ಲಿ ಅದು ಗಾಳಿ ತಾಗಿದ್ರೂ ಹೊತ್ಕೊಳ್ಳಲ್ಲ.